ಕಾಡನ್ನು ಕಾಯುವ ಪ್ರವಾಸ

ವಿದ್ಯಾರ್ಥಿಗಳೇ, ನಮ್ಮ ಕಾಸರಗೋಡು ಜಿಲ್ಲೆಯ ರಾಣಿಪುರಂ ಗುಡ್ಡಕ್ಕೆ ನಿಮ್ಮಲ್ಲಿ ಹಲವರು ಹೋಗಿರಬಹುದು. ನಾವು ಹೋಗಿ ಬರುವುದರಿಂದ ಕಾಡಿಗೆ ಲಾಭವೋ ನಷ್ಟವೋ ಎಂದು ಯೋಚಿಸಿದ್ದೀರಾ?

ನಮ್ಮ ರಾಜ್ಯದ ಇಡುಕ್ಕಿ ಜಿಲ್ಲೆಯಲ್ಲಿ ಪೆರಿಯಾರ್ ಅರಣ್ಯವಿದೆ. 1978ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಆದರೂ ಕಾಡಂಚಿನ ಕೆಲವರು ಗುಟ್ಟಾಗಿ ಒಳಹೊಕ್ಕು, ದಾಲ್ಚಿನ್ನಿ ಜಾತಿಯ ಮರಗಳ ತೊಗಟೆ ಸುಲಿದು ಮಾರುತ್ತಿದ್ದರು. ಸುತ್ತಲೂ ತೊಗಟೆ ಸುಲಿದರೆ ಮರ ಒಣಗಿಹೋಗುತ್ತದೆ. ಕೇಸು ಹಾಕಿದರೂ ಕಳವು ನಿಲ್ಲಲಿಲ್ಲ. ಹೊಟ್ಟೆಪಾಡಿನ ಪ್ರಶ್ನೆ ಹಾಗೆಯೇ ಉಳಿದಿತ್ತು.

1990ರ ದಶಕದ ಕೊನೆಯಲ್ಲಿ ಅರಣ್ಯ ಇಲಾಖೆಯು ಆ ಜನರನ್ನೇ ಕರೆದು, ಪ್ರವಾಸಿಗಳಿಗೆ ದಾರಿ ತೋರುವ ಕೆಲಸ ಕೊಟ್ಟಿತು. ಕಾಡಿನ ಒಳದಾರಿಗಳನ್ನು ಅವರು ಚೆನ್ನಾಗಿ ಬಲ್ಲವರು. ಈಗಲೂ ಸಂಪಾದನೆ ಕಾಡಿನಿಂದಲೇ. ಆದರೆ ಮರ ಉಳಿದರೆ ಮಾತ್ರ. ಹೀಗೆ ಕದಿಯುತ್ತಿದ್ದವರೇ ಕಾವಲುಗಾರರಾದರು.

ಆದರೆ ಪ್ರವಾಸಕ್ಕೂ ಮಿತಿ ಬೇಕು. ಅದೇ ಜಿಲ್ಲೆಯ ಇರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ ನೀಲಗಿರಿ ತಾರ್ ಎಂಬ ಕಾಡುಮೇಕೆಗಳಿವೆ. ಅವು ಮರಿಹಾಕುವ ಕಾಲದಲ್ಲಿ, ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ, ಪ್ರವಾಸಿಗಳಿಗೆ ಪ್ರವೇಶವಿಲ್ಲ. ಟಿಕೇಟಿನ ಹಣ ಕೈತಪ್ಪಿದರೂ ತಾಯಿ-ಮರಿಗಳಿಗೆ ನೆಮ್ಮದಿ ದೊರೆಯುತ್ತದೆ.

ಪರಿಸರ ಪ್ರವಾಸೋದ್ಯಮದ ತಿರುಳು ಇಷ್ಟೇ: ಪ್ರವಾಸಿಯ ಹಣ ಕಾಡಂಚಿನ ಮನೆಗೆ ತಲಪಬೇಕು, ಪ್ರವಾಸಿಯ ಕಾಲು ಎಲ್ಲಿ ನಿಲ್ಲಬೇಕೆಂಬುದನ್ನು ಕಾಡೇ ನಿರ್ಧರಿಸಬೇಕು. ಇವೆರಡೂ ಇಲ್ಲದ ಪ್ರವಾಸ, ತೊಗಟೆ ಸುಲಿದಂತೆಯೇ ಸರಿ.

ಪಾಲಕರೇ, ಮುಂದಿನ ರಜೆಯಲ್ಲಿ ಮಕ್ಕಳೊಡನೆ ಗುಡ್ಡ ಹತ್ತಿದಾಗ ಸ್ಥಳೀಯ ಮಾರ್ಗದರ್ಶಿಯನ್ನು ಜತೆಗೆ ಕರೆದುಕೊಳ್ಳಿರಿ. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ಮನೆಗೆ ತನ್ನಿರಿ.