ತಟ್ಟೆ ಯಾರ ಮನೆಗೆ?

ಪ್ರಿಯರೇ, ನೆಹೆಮೀಯ 8:10 ತೆರೆಯಿರಿ. ಅಳುತ್ತಿದ್ದ ಜನರಿಗೆ ಅಲ್ಲಿ ಹೇಳಿದ್ದು ಇಷ್ಟು: ಹಬ್ಬದೂಟ ಮಾಡಿ, ಏನೂ ಸಿದ್ಧಮಾಡಿಕೊಳ್ಳದವರಿಗೂ ಪಾಲು ಕಳಿಸಿ.

ಕ್ರಿಸ್ಮಸ್ ಬಂದ್ರೆ ನಮ್ಮಮ್ಮ ಕಜ್ಜಾಯ, ಚಕ್ಕುಲಿ, ಕರ್ಜಿಕಾಯಿ ಮಾಡಿ ಬೀದಿಯ ಎಲ್ಲ ಮನೆಗೂ ತಟ್ಟೆ ಕಳಿಸೋರು. ಅಪ್ಪ ತೀರಿಹೋದ ವರ್ಷ ಮಾತ್ರ ಒಲೆ ಮೇಲೆ ಬಾಣಲೆ ಇಡಲೇ ಇಲ್ಲ. 25ರಂದು ಆರಾಧನೆ ಮುಗಿಸಿ ಬಂದ್ರೆ, ಪ್ರತಿ ದೀಪಾವಳಿಗೆ ನಮಗೆ ಸಿಹಿ ಕೊಡೋ ಪಕ್ಕದ್ಮನೆ ಆಂಟಿ ಕಜ್ಜಾಯದ ತಟ್ಟೆ ಹಿಡ್ಕೊಂಡು ನಿಂತಿದ್ರು. ಆ ವಾಕ್ಯ ನನಗೆ ಅವತ್ತು ಅರ್ಥವಾಯ್ತು. ದುಃಖದ ಮನೆಯಲ್ಲಿ ಹಣ ಇದ್ರೂ ಹಬ್ಬ ಸಿದ್ಧವಾಗಿರೋಲ್ಲ.

ಯೌವನಸ್ಥರೇ, ರಜೆ ಸಿಗದೆ ಪಿ.ಜಿ.ಯಲ್ಲೇ ಉಳಿದವರು, ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಾತ್ರಿ ಪಾಳಿ ಮಾಡುವವರು ನಿಮಗೆ ಗೊತ್ತಲ್ವಾ? ಈ ಸಲ ಸ್ಟಾರ್ ಕಟ್ಟೋ ಮೊದಲು ಅವರಲ್ಲಿ ಒಬ್ಬರ ಹೆಸರು ಬರೆದಿಟ್ಟುಕೊಳ್ಳಿ. ಮೊದಲ ತಟ್ಟೆ ಅವರದು. ಆಮೆನ್.