ಮೊದಲು ಪಾವತಿ, ಆಮೇಲೆ ಶಾಲು

ಜುಲೈ ಬಂತೆಂದರೆ ನಮ್ಮ ಲಕ್ಷ್ಮೇಶ್ವರದಲ್ಲಿ ಮಳೆ ಬರುತ್ತದೋ ಇಲ್ಲವೋ, ಪದಗ್ರಹಣ ಸಮಾರಂಭ ಮಾತ್ರ ಬಂದೇ ಬರುತ್ತದೆ. ರೋಟರಿ ಇರಲಿ, ಲಯನ್ಸ್ ಇರಲಿ, ಜುಲೈ 1ಕ್ಕೆ ಅವರ ವರ್ಷ ಹೊರಳುತ್ತದೆ. ಹೊಸ ಅಧ್ಯಕ್ಷರ ಕೊರಳಿಗೆ ಸರಪಳಿ, ಹಳೆಯ ಅಧ್ಯಕ್ಷರ ಹೆಗಲಿಗೆ ಶಾಲು, ಬಂದವರ ಕೈಗೆ ಕೇಸರಿಬಾತು. ನಿಮ್ಮ ಪೈಕಿ ಅನೇಕರನ್ನು ನಾನು ಚಡ್ಡಿ ಹಾಕಿಕೊಂಡು ಓಡಾಡುವಾಗಿನಿಂದ ನೋಡಿದವಳು. ಆ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ. ಬೈಗುಳ ಎಂದು ತಿಳಿಯಬೇಡಿ. ದುಡಿಮೆ ಮುಗಿಸಿ ಮನೆಯಲ್ಲಿ ಕಾಲು ಚಾಚಿ ಕೂಡ್ರುವ ಹೊತ್ತಿನಲ್ಲಿ ಊರಿನ ಕೆಲಸಕ್ಕೆ ಹೊರಬೀಳುವವರು ನೀವು. ಅದು ದೊಡ್ಡದು. ಆದರೆ ಮನಸ್ಸು ಒಳ್ಳೆಯದಿದ್ದರೆ ಸಾಲದು, ಕೈಯೂ ನೆಟ್ಟಗಿರಬೇಕು.

ಮೊದಲನೆಯದು ಪಾವತಿ. ಹೋದ ವರ್ಷ ದೀಪಾವಳಿ ಮುಂದೆ ಇಬ್ಬರು ಹುಡುಗರು ನಮ್ಮ ಬಾಗಿಲಿಗೆ ಪಟ್ಟಿ ಎತ್ತಲು ಬಂದರು. ಶಾಲೆಯ ಮಕ್ಕಳಿಗೆ ಸ್ವೆಟರ್ ಕೊಡುತ್ತೇವೆ ಅಂದರು. ಐನೂರು ಕೊಟ್ಟೆ. ಪಾವತಿ ಕೇಳಿದರೆ ‘ಪುಸ್ತಕ ಮುಗದೈತಿ ದೊಡ್ಡಮ್ಮ’ ಎಂದು ಗೋಡೆಯ ಮೇಲಿನ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ‘ರೂ. 500 ಮುಟ್ಟಿತು’ ಎಂದು ಬರೆದುಕೊಟ್ಟರು. ನಮ್ಮದೇ ಕ್ಯಾಲೆಂಡರು! ಹುಡುಗರು ಕೆಟ್ಟವರಲ್ಲ, ಸ್ವೆಟರೂ ಹಂಚಿದರಂತೆ. ಆದರೆ ಆ ಹಾಳೆ ಇನ್ನೂ ನನ್ನ ಟ್ರಂಕಿನಲ್ಲಿದೆ. ಅದನ್ನು ನೋಡಿದಾಗಲೆಲ್ಲ ಸ್ವೆಟರ್ ನೆನಪಾಗುವುದಿಲ್ಲ, ಹರಿದುಹೋದ ನವೆಂಬರ್ ನೆನಪಾಗುತ್ತದೆ.

ಹಾಗೆ ಮಾಡಬೇಡಿ. ಅಂಕಿ ಮುದ್ರಿಸಿದ ಪಾವತಿ ಪುಸ್ತಕ, ಅಡಿಯಲ್ಲಿ ಕಾರ್ಬನ್ ಪ್ರತಿ, ಮೇಲೆ ಕೊಟ್ಟವರ ಹೆಸರು, ಎಷ್ಟು, ಯಾವ ಕೆಲಸಕ್ಕೆ, ಇಷ್ಟಿಲ್ಲದೆ ಮನೆ ಬಾಗಿಲಿಗೆ ಹೋಗಬೇಡಿ. ಐದು ರೂಪಾಯಿಗೂ ಪಾವತಿ, ಐದು ಸಾವಿರಕ್ಕೂ ಪಾವತಿ. ಈಗ ಎಲ್ಲರ ಕೈಯಲ್ಲೂ ಫೋನ್ ಪೇ ಬಂದಿದೆ, ಒಳ್ಳೆಯದೇ. ಆದರೆ ನೀವು ತೋರಿಸುವ ಕ್ಯೂಆರ್ ಕೋಡು ಕ್ಲಬ್ಬಿನ ಖಾತೆಯದಾಗಿರಲಿ, ಖಜಾಂಚಿಯ ಸ್ವಂತ ಖಾತೆಯದಲ್ಲ. ಖಜಾಂಚಿ ಹರಿಶ್ಚಂದ್ರನ ಮೊಮ್ಮಗನೇ ಇರಬಹುದು, ಅವನ ಹೆಂಡತಿ ಅದೇ ಖಾತೆಯಿಂದ ಗ್ಯಾಸ್ ಸಿಲಿಂಡರಿಗೆ ದುಡ್ಡು ಹಾಕಿದ ದಿನ ಲೆಕ್ಕ ಕಲಸುಮೇಲೋಗರ ಆಗುತ್ತದೆ. ಡಬ್ಬಿಯ ಹಣ ಎಣಿಸುವಾಗ ಇಬ್ಬರು ಕೂಡ್ರಿ. ಬ್ಯಾಂಕಿನ ಚೆಕ್ಕಿಗೆ ಇಬ್ಬರ ಸಹಿ ಇರಲಿ. ನಿಮ್ಮ ಸಂಸ್ಥೆಗೆ 80ಜಿ ನೋಂದಣಿ ಇದ್ದರೆ, 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲ ಎಂಬುದನ್ನು ಕೊಡುವವರಿಗೆ ಮೊದಲೇ ಹೇಳಿಬಿಡಿ. ನೋಂದಣಿ ಇಲ್ಲದಿದ್ದರೆ ಇದೆ ಎನ್ನಬೇಡಿ. ಮಾರ್ಚಿನಲ್ಲಿ ಅಂಗಡಿಯವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಕಾರ್ಯಕ್ರಮ ಮುಗಿದ ಹದಿನೈದು ದಿನದೊಳಗೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಬಜಾರಿನ ನಾಲ್ಕು ಅಂಗಡಿಗಳಲ್ಲಿ ಅಂಟಿಸಿ. ಆಗ ನಿಮಗೇ ಗೊತ್ತಾಗುತ್ತದೆ, ನೋಟುಪುಸ್ತಕಕ್ಕಿಂತ ಪೆಂಡಾಲಿಗೆ ಹೆಚ್ಚು ಹೋಗಿದೆಯೋ ಏನೋ. ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಅನ್ನುವ ಮಾತು ನಿಮ್ಮ ಕಿವಿಗೆ ಬೀಳುವ ಮೊದಲು ನೀವೇ ಲೆಕ್ಕ ಒಪ್ಪಿಸಿಬಿಡುವುದು ಜಾಣತನ. ಪೈಸೆ ಪೈಸೆ ಹೊಂದಲಿಲ್ಲ ಎಂದು ಹೆದರಬೇಡಿ. ‘ನಲವತ್ತು ರೂಪಾಯಿ ಲೆಕ್ಕಕ್ಕೆ ಸಿಗಲಿಲ್ಲ’ ಎಂದು ಬರೆದ ಹಾಳೆಯನ್ನು ಊರು ನಂಬುತ್ತದೆ. ಎಲ್ಲವೂ ಗುಂಡಗೆ ಹೊಂದಿದ ಹಾಳೆಯನ್ನೇ ನಂಬುವುದಿಲ್ಲ.

ಲೆಕ್ಕ ನಮ್ಮೂರಿಗೆ ಹೊಸದೂ ಅಲ್ಲ. ಲಕ್ಷ್ಮೇಶ್ವರ ಪುಲಿಗೆರೆಯಾಗಿದ್ದ ಕಾಲದ, ಎಂಟನೆಯ ಶತಮಾನದ ಒಂದು ಶಾಸನವಿದೆ, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನದು. ವೈಶಾಖ ಮಾಸದಲ್ಲಿ ಯಾವ ಮನೆಯವರು ಎಷ್ಟು ಕೊಡಬೇಕು ಎಂದು ಕಲ್ಲಿನಲ್ಲಿ ಕೊರೆಸಿದ್ದಾರೆ. ಮೇಲಿನ ಮನೆಗೆ 10 ಪಣ, ನಡುವಿನದಕ್ಕೆ 7, ಅದಕ್ಕೂ ಕೆಳಗಿನದಕ್ಕೆ 5, ತೀರ ಕೆಳಗಿನದಕ್ಕೆ 3. ಅದು ತೆರಿಗೆ, ದೇಣಿಗೆಯಲ್ಲ, ಒಪ್ಪಿದೆ. ಆದರೆ ಕೈ ನೋಡಿ ಕೇಳಬೇಕು ಎಂಬ ಬುದ್ಧಿ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಈ ಊರಿನಲ್ಲಿತ್ತು. ನೀವು ನೋಡಿದರೆ ಅಡತಿ ಅಂಗಡಿಯ ಸಾಹುಕಾರರಿಗೂ ಸಾವಿರ, ಸಂತೆಯಲ್ಲಿ ಮೆಣಸಿನಕಾಯಿ ಹರವಿಕೊಂಡು ಕೂತವಳಿಗೂ ಸಾವಿರ ಎಂದು ಮೊದಲೇ ಅಚ್ಚು ಹಾಕಿಸಿಕೊಂಡು ಬರುತ್ತೀರಿ. ಅವಳು ಇಲ್ಲ ಅನ್ನಲಾರದೆ ಬಡ್ಡಿಗೆ ತಂದು ಕೊಟ್ಟರೆ ಆ ಪಾಪ ಯಾರದು?

ಡಂಬಳದ ರೊಟ್ಟಿ ಜಾತ್ರೆಯನ್ನು ನೋಡಿದವರಿಗೆ ನಾನು ಹೇಳಬೇಕಾದ್ದಿಲ್ಲ. ಮನೆಮನೆಯಿಂದ ಜೋಳದ ರೊಟ್ಟಿ ಮಠಕ್ಕೆ ಬರುತ್ತದೆ. ಯಾರ ಮನೆಯ ರೊಟ್ಟಿ ಯಾರ ತಾಟಿಗೆ ಬಿತ್ತು ಎಂದು ಕೇಳುವವರಿಲ್ಲ. ಐವತ್ತು ರೊಟ್ಟಿ ತಂದವರಿಗೆ ಶಾಲಿಲ್ಲ, ಐದು ತಂದವರಿಗೆ ನಾಚಿಕೆಯಿಲ್ಲ. ತೆನೆ ತೆನೆ ಕೂಡಿದರೆ ಬಳ್ಳ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆದದ್ದೂ ಹಾಗೆಯೇ. ಕಣ್ಣಿಲ್ಲದ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಬೇಕಲ್ಲ, ಅದಕ್ಕೆ ಗವಾಯಿಗಳು ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. ಪುಟ್ಟರಾಜರು ನಾಟಕ ಬರೆದರು, ಪೆಟ್ಟಿಗೆ ಬಾರಿಸಿದರು. ಟಿಕೆಟ್ ಕೊಂಡವನಿಗೆ ರಾತ್ರಿಯಿಡೀ ನಾಟಕ ಸಿಕ್ಕಿತು, ಮಕ್ಕಳಿಗೆ ರೊಟ್ಟಿ ಸಿಕ್ಕಿತು. ನೀವೂ ಏನಾದರೂ ಕೊಟ್ಟು ಕೇಳಿ: ಒಂದು ನಾಟಕ, ಒಂದು ದಾಸವಾಣಿ, ಹೆಣ್ಣುಮಕ್ಕಳು ಮಾಡಿದ ಶೇಂಗಾ ಹೋಳಿಗೆ, ಕರಿಂಡಿ. ಬೈಕು ಇಡುತ್ತೇವೆ, ಟಿವಿ ಇಡುತ್ತೇವೆ, ಚೀಟಿ ಎತ್ತುತ್ತೇವೆ ಎಂಬ ಲಕ್ಕಿ ಡ್ರಾ ಮಾತ್ರ ಬೇಡ. ಲಾಟರಿ ನಮ್ಮ ರಾಜ್ಯದಲ್ಲಿ 2007ರಿಂದಲೇ ನಿಷೇಧ. ಪೊಲೀಸರ ಮುಂದೆ ‘ಸೇವೆಗಾಗಿ ಸಾಹೇಬ್ರ’ ಎಂದರೆ ನಡೆಯುವುದಿಲ್ಲ. ಆ ಚೀಟಿಗಳನ್ನು ಶಾಲೆಯ ಮಕ್ಕಳ ಕೈಗೆ ಕೊಟ್ಟು ಮಾರಿಸುವುದಂತೂ ಬೇಡವೇ ಬೇಡ.

ಇನ್ನು ಕಣ್ಣಿನ ಶಿಬಿರ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ, ಹೇಳಿಬಿಡುತ್ತೇನೆ. ಕಣ್ಣಿಲ್ಲದ, ಕಿವಿ ಕೇಳದ ಹೆಲನ್ ಕೆಲರ್ 1925ರಲ್ಲಿ ಲಯನ್ಸ್ ಸಮಾವೇಶಕ್ಕೆ ಬಂದು, ಕುರುಡುತನದ ವಿರುದ್ಧ ಹೋರಾಡಿ ಎಂದು ಕೇಳಿಕೊಂಡರು. ಆವತ್ತಿನಿಂದ ಕಣ್ಣಿನ ಕೆಲಸ ಆ ಮಂದಿಯ ಕುಲದೇವರ ಪೂಜೆಯಂತಾಗಿದೆ. ನಮ್ಮ ಕಡೆ ಹಳ್ಳಿಗಳಿಂದ ಟೆಂಪೋ ತುಂಬ ಮುದುಕರು ಬರುತ್ತಾರೆ, ಪೊರೆ ತೆಗೆಸಿಕೊಂಡು ಕರಿ ಕನ್ನಡಕ ಹಾಕಿಕೊಂಡು ಹೋಗುತ್ತಾರೆ. ನೋಡಲು ಚಂದ.

ನಮ್ಮ ಮನೆಗೆ ಹಾಲು ಹಾಕುವವನ ತಾಯಿಯೂ ಒಮ್ಮೆ ಹಾಗೆ ಹೋಗಿ ಬಂದಳು. ಎಂಟು ದಿನ ಬಿಟ್ಟು ನೋಡಲು ಹೋದರೆ ಕಣ್ಣು ಕೆಂಡ. ಹನಿ ಹಾಕಿದಿಯೇನವ್ವಾ ಅಂದೆ. ಜಗಲಿಯ ಮೇಲೆ, ಎಲ್ಲಮ್ಮನ ಫೋಟೋದ ಪಕ್ಕ, ಎರಡು ಪುಟ್ಟ ಬಾಟಲಿ ಇಟ್ಟಿದ್ದಳು. ಮುಚ್ಚಳ ಒಡೆದಿರಲಿಲ್ಲ, ಮೇಲೆ ಕುಂಕುಮ ಹಚ್ಚಿತ್ತು. ‘ಇಂಗ್ಲಿಷನ್ಯಾಗ ಬರದಾರ, ಯಾವದಕ ಯಾವದು ತಿಳೀಲಿಲ್ಲ, ದೇವರ ಹತ್ರ ಇಟ್ಟೀನಿ’ ಅಂದಳು. ಅದೇ ಮಧ್ಯಾಹ್ನ ಅವಳನ್ನು ಗದುಗಿಗೆ ಕರೆದುಕೊಂಡು ಹೋದೆವು. ದೈವ ದೊಡ್ಡದು, ಕಣ್ಣು ಉಳಿಯಿತು. ಶಿಬಿರದವರು ಅಷ್ಟೊತ್ತಿಗೆ ವರದಿ ಬರೆದು, ಫೋಟೋ ಕಳಿಸಿ, ಮುಂದಿನ ಶಿಬಿರದ ಫ್ಲೆಕ್ಸ್ ಕಟ್ಟಿಸಿದ್ದರು.

ಪೊರೆ ತೆಗೆಯುವುದು ವೈದ್ಯರ ಕೆಲಸ, ಅದು ಅರ್ಧ ತಾಸು. ಆಮೇಲಿನ ತಿಂಗಳೊಪ್ಪತ್ತು ನಿಮ್ಮ ಕೆಲಸ. ಯಾವ ಹನಿ ಎಷ್ಟು ಸಲ ಎಂದು ಸೂರ್ಯನ ಚಿತ್ರ, ಚಂದ್ರನ ಚಿತ್ರ ಬರೆದು ಕನ್ನಡದ ಚೀಟಿ ಅಂಟಿಸಿ. ತಲೆಗೆ ನೀರು ಹಾಕಬೇಡ, ಒಲೆಯ ಹೊಗೆಗೆ ಕೂಡ್ರಬೇಡ, ಕೊಡ ಎತ್ತಬೇಡ ಎಂದು ಮುದುಕಿಗಲ್ಲ, ಸೊಸೆಗೆ ಹೇಳಿ. ಸಕ್ಕರೆ ಕಾಯಿಲೆ, ಬಿಪಿ ಇದೆಯೇ ಎಂದು ಮೊದಲೇ ತಪಾಸಣೆ ಮಾಡಿಸಿ. ಒಬ್ಬೊಬ್ಬ ಸದಸ್ಯರು ಐದೈದು ಮುದುಕರನ್ನು ವಹಿಸಿಕೊಳ್ಳಿ, ಮೂರನೆಯ ದಿನ ಫೋನ್ ಮಾಡಿ, ಎಂಟನೆಯ ದಿನ ಮನೆಗೆ ಹೋಗಿ. ನೂರು ಜನರಿಗೆ ಮಾಡಿಸಿ ಮರೆಯುವುದಕ್ಕಿಂತ ಇಪ್ಪತ್ತು ಜನರಿಗೆ ಮಾಡಿಸಿ ಕಾಯುವುದು ಮೇಲು. ವರದಿಯಲ್ಲಿ ನೂರು ಚಂದ ಕಾಣುತ್ತದೆ, ಗೊತ್ತು.

ರಕ್ತದಾನಕ್ಕೂ ಇದೇ ಮಾತು. ಯಾರದೋ ಹುಟ್ಟುಹಬ್ಬಕ್ಕೆ ಒಂದೇ ವಾರದಲ್ಲಿ ಮೂರು ಶಿಬಿರ ಮಾಡುತ್ತೀರಿ. ರಕ್ತವೇನು ಉಪ್ಪಿನಕಾಯಿಯೇ, ಭರಣಿಯಲ್ಲಿ ವರ್ಷಗಟ್ಟಲೆ ಇಡಲು? ಕೆಂಪು ಕಣಗಳು ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್ 5 ದಿನ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಹದಿನೆಂಟು ತುಂಬಿರಬೇಕು, 45 ಕಿಲೋಗಿಂತ ಕಡಿಮೆ ತೂಕ ಇರಬಾರದು, ಹಿಮೋಗ್ಲೋಬಿನ್ 12.5 ಇರಬೇಕು. ಉಪವಾಸದ ದಿನ ಕೊಡಬಾರದು, ಸೋಮವಾರವೇ ಇರಲಿ, ರೋಜಾ ಇರಲಿ. ಒಮ್ಮೆಗೇ ಹಳ್ಳ ಹರಿಸುವ ಬದಲು ಗುಂಪಿನ ಪ್ರಕಾರ ದಾನಿಗಳ ಪಟ್ಟಿ ಬರೆದಿಟ್ಟುಕೊಳ್ಳಿ. ಕಾಲೇಜಿಗೆ ರಜೆ ಬಿದ್ದು ಶಿಬಿರಗಳು ನಿಂತುಹೋಗುವ ಏಪ್ರಿಲ್-ಮೇ ತಿಂಗಳಲ್ಲಿ, ರಾತ್ರಿ ಹನ್ನೊಂದಕ್ಕೆ ಬಾಣಂತಿಗೆ ಒಂದು ಬಾಟಲಿ ಬೇಕಾದಾಗ, ಆ ಪಟ್ಟಿಯೇ ಬೇಕಾಗುವುದು.

ಹಳೆಯ ಬಟ್ಟೆಯ ಮಾತೊಂದಿದೆ. 2009ರ ಅಕ್ಟೋಬರಿನಲ್ಲಿ ಮಲಪ್ರಭೆ ಉಕ್ಕಿ ರೋಣ, ನರಗುಂದದ ಕಡೆ ಊರುಗಳಿಗೆ ನೀರು ಹೊಕ್ಕಾಗ ಎಲ್ಲರ ಕರುಳೂ ಚುರುಕ್ ಎಂದಿತು. ಬಟ್ಟೆ ಆರಿಸಲು ನಾನೂ ಕೂತಿದ್ದೆ. ಗಂಟು ಬಿಚ್ಚಿದರೆ ಗುಂಡಿಯಿಲ್ಲದ ಅಂಗಿ, ಸೊಳ್ಳೆ ಪರದೆಯಂಥ ಸೀರೆ, ಒಂದೇ ಕಾಲಿನ ಬೂಟು, ಯಾರೋ ಮದುವೆಗೆ ಹೊಲಿಸಿದ ಜರಿಯ ಕೋಟು. ಮನೆ ಮುಳುಗಿದವರಿಗೆ ಜರಿಯ ಕೋಟು! 2019ರ ಆಗಸ್ಟಿನಲ್ಲಿ ಮತ್ತೆ ಹೊಳೆ ಬಂತು, ಮತ್ತೆ ಅದೇ ಗಂಟು. ಮನೆಯ ಕಸ ಕಳೆದುಕೊಳ್ಳುವುದಕ್ಕೆ ದಾನ ಎಂದು ಹೆಸರಿಡಬೇಡಿ. ಮೊದಲು ಒಬ್ಬರು ಹೋಗಿ ಅಲ್ಲಿಯವರನ್ನೇ ಕೇಳಿ ಬರಲಿ. ಚಾಪೆ, ಹೊದಿಕೆ, ಟಾರ್ಚು, ಕೊಡ, ಹೊಸ ಒಳ ಉಡುಪು, ಹೆಣ್ಣುಮಕ್ಕಳಿಗೆ ಪ್ಯಾಡು, ದನಕ್ಕೆ ಒಣ ಮೇವು ಎನ್ನುತ್ತಾರೆ. ಅದನ್ನೇ ಒಯ್ಯಿರಿ. ಕೊಡುವಾಗ ಅವರ ಮುಖವನ್ನು ಕ್ಯಾಮರಾದ ಕಡೆ ತಿರುಗಿಸಬೇಡಿ. ಒಂದು ಡಜನ್ ನೋಟುಪುಸ್ತಕವನ್ನು ಹದಿಮೂರು ಜನ ಹಿಡಿದುಕೊಂಡು ನಿಂತ ಫೋಟೋದಲ್ಲಿ, ನಡುವೆ ಸಿಕ್ಕಿಬಿದ್ದ ಆ ಹುಡುಗಿ ತಲೆ ತಗ್ಗಿಸಿರುವುದನ್ನು ಯಾವಾಗಲಾದರೂ ನೋಡಿದ್ದೀರಾ? ನಾಳೆ ಅವಳು ಅದೇ ಶಾಲೆಗೆ ಹೋಗಬೇಕು.

ಮಾಗಡಿ ಕೆರೆ ಸ್ವಚ್ಛ ಮಾಡಲು ಹೋಗುವವರೂ ಕೇಳಿ. 2024ರಲ್ಲಿ ಅದಕ್ಕೆ ರಾಮ್ಸರ್ ತಾಣದ ಮನ್ನಣೆ ಬಂತು, ಹೆಮ್ಮೆ ಪಡೋಣ. ಆದರೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆ ಬಾತುಗಳು ಅಲ್ಲಿ ಇರುವಾಗಲೇ ಟಿ-ಶರ್ಟ್ ಹಾಕಿಕೊಂಡು, ಮೈಕು ಹಿಡಿದುಕೊಂಡು ಇನ್ನೂರು ಜನ ಹೋಗುವುದು ಯಾವ ಸೇವೆ? ಹಕ್ಕಿ ಹೋದ ಮೇಲೆ, ಬೇಸಿಗೆಯಲ್ಲಿ ಹೋಗಿ. ಪ್ಲಾಸ್ಟಿಕ್ ಆರಿಸಿದ ಮೇಲೆ ಉಪ್ಪಿಟ್ಟನ್ನು ಪ್ಲಾಸ್ಟಿಕ್ ತಾಟಿನಲ್ಲೇ ತಿಂದು ಅಲ್ಲೇ ಬಿಟ್ಟು ಬರಬೇಡಿ.

ಮನೆಯನ್ನೂ ಮರೆಯಬೇಡಿ. ಮನೆಗೆ ಮಾರಿ, ಊರಿಗೆ ಉಪಕಾರಿ ಆಗಬಾರದು. ಹೆಂಡತಿಗೆ ಜ್ವರ ಇರುವ ದಿನ ವೃದ್ಧಾಶ್ರಮಕ್ಕೆ ಹಣ್ಣು ಹಂಚಲು ಹೋದವರೊಬ್ಬರನ್ನು ನಾನು ಬಲ್ಲೆ. ಇಷ್ಟೇ ಸಾಕು, ಅವರು ಇದನ್ನು ಓದುತ್ತಾರೆ.

ಒಂದು ವರ್ಷಕ್ಕೆ ಮೂವತ್ತು ಕಾರ್ಯಕ್ರಮ ಮಾಡಿದೆವು ಎಂದು ಹೇಳುತ್ತೀರಲ್ಲ, ನನಗೆ ಆ ಮೂವತ್ತು ಬೇಡ. ರೋಟರಿ ಹುಟ್ಟಿದ್ದು 1905ರಲ್ಲಿ, ಚಿಕಾಗೋದಲ್ಲಿ. ಅದೇ 1905ರಲ್ಲಿ ಇಲ್ಲೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಅಲ್ಲಿಯವರಿಗೆ ಇಲ್ಲಿಯವರ ಸುದ್ದಿ ಗೊತ್ತಿರಲಿಲ್ಲ, ಇಲ್ಲಿಯವರಿಗೆ ಅಲ್ಲಿಯವರದು ಗೊತ್ತಿರಲಿಲ್ಲ. ಎರಡೂ ನಿಂತದ್ದು ಹಿಡಿದ ಕೆಲಸ ಬಿಡದ್ದರಿಂದ. ಪೋಲಿಯೊ ನೋಡಿ: ರೋಟರಿಯವರು ಅದನ್ನು ಕೈಗೆತ್ತಿಕೊಂಡದ್ದು 1985ರಲ್ಲಿ, ನಮ್ಮ ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪೋಲಿಯೊ ಹೋಯಿತು ಎಂಬ ಪ್ರಮಾಣಪತ್ರ ಸಿಕ್ಕದ್ದು 2014ರಲ್ಲಿ. ಸರ್ಕಾರ, ಆರೋಗ್ಯ ಕಾರ್ಯಕರ್ತೆಯರು, ಇವರು, ಎಲ್ಲ ಕೂಡಿ ಅದೇ ಎರಡು ಹನಿಯ ಕೆಲಸಕ್ಕೆ ಕಾಲು ಶತಮಾನ. ಅಷ್ಟರಲ್ಲಿ ಎಷ್ಟು ಅಧ್ಯಕ್ಷರು ಬಂದು ಹೋಗಿರಬೇಕು! ನಿಮ್ಮಲ್ಲಿ ಹೊಸ ಅಧ್ಯಕ್ಷರು ಬಂದ ಕೂಡಲೇ ಹಳೆಯವರ ಕೆಲಸಕ್ಕೆ ಎಳ್ಳುನೀರು ಬಿಡುತ್ತೀರಿ. ಹಾಗಾಗದಂತೆ ಒಂದೆರಡು ಕೆಲಸವನ್ನಾದರೂ ಐದು ವರ್ಷಕ್ಕೆಂದು ಠರಾವು ಮಾಡಿ ಬರೆದಿಡಿ.

ಈ ಸಲದ ಪದಗ್ರಹಣಕ್ಕೆ ನನ್ನನ್ನೂ ಕರೆದಿದ್ದೀರಿ, ಬರುತ್ತೇನೆ. ಶಾಲು ಬೇಡ, ಮನೆಯಲ್ಲಿ ಹನ್ನೊಂದಿವೆ. ಅದಕ್ಕೂ ಮುಂಚೆ ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ಶಿರಹಟ್ಟಿ ರಸ್ತೆಗೆ ಬನ್ನಿ. ಹೋದ ಜುಲೈನಲ್ಲಿ ನೀವು ಫೋಟೋ ತೆಗೆಸಿಕೊಂಡು ನೆಟ್ಟ ಬೇವು, ಹೊಂಗೆಯ ಸಸಿಗಳಲ್ಲಿ ಹದಿನಾಲ್ಕು ಇನ್ನೂ ಜೀವ ಹಿಡಿದುಕೊಂಡಿವೆ, ನಾನು ಎಣಿಸಿ ಬಂದಿದ್ದೇನೆ. ನೀರು ಹಾಕಲು ಕೊಡ ನಮ್ಮ ಮನೆಯಿಂದ ಒಯ್ಯಿರಿ. ತಿರುಗಿ ತಂದು ಕೊಡಿ.