ಎರಿ ಹೊಲದಿಂದ ಕಾರಾ ಸಮುದ್ರಕ್ಕೆ

ಪ್ರೀತಿಯ ಮೊಮ್ಮಗಳಿಗೆ,



ಎಂ.ಎಸ್ಸಿ. ಮುಗಿಸಿ ಧ್ರುವದ ಹಿಮದ ಬಗ್ಗೆ ಸಂಶೋಧನೆ ಮಾಡುತ್ತೇನೆ ಅಂದಿಯಂತೆ. ನಿಮ್ಮವ್ವ ಗಾಬರಿಯಾಗಿ ಫೋನ್ ಮಾಡಿದ್ದಳು. "ಬಿಸಿಲು ನಾಡಿನವರಿಗೆ ಆ ಹಿಮದ ಉಸಾಬರಿ ಯಾಕ?" ಅಂತ ಕೇಳಿದಳು. ತಳ್ಳಿಹಾಕುವ ಪ್ರಶ್ನೆಯಲ್ಲ ತಂಗಿ ಅದು. ನೀನೇ ಕೂತು ಅವಳಿಗೆ ತಿಳಿಸಿ ಹೇಳಬೇಕು.

ಮೊದಲು ನಮ್ಮ ಮಳೆಯ ಮಾತು. ನಮ್ಮ ಜಿಲ್ಲೆಯಲ್ಲೇ ಗಂಗಾವತಿಯವರು ಮಲೆನಾಡಿನ ಮಳೆ ನೋಡುತ್ತಾರೆ. ತುಂಗಭದ್ರಾ ಡ್ಯಾಮು ತುಂಬಿ ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ. ನಮ್ಮ ಯಲಬುರ್ಗಾ, ಕುಷ್ಟಗಿಯ ಬಹುಪಾಲು ಹೊಲಗಳಿಗೆ ಮುಗಿಲೇ ಗತಿ. ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರಿನದು. ಉತ್ತರಿ, ಹಸ್ತ ಮಳೆ ಹದವಾಗಿ ಬಿದ್ದರೆ ಹಿಂಗಾರಿ ಬಿಳಿಜೋಳ, ಕಡಲೆ; ಇಲ್ಲದಿದ್ದರೆ ಗುಳೆ. ಮಿತಿಮೀರಿ ಸುರಿದರೂ ಕೇಡೇ. 2009ರ ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ಅಕ್ಟೋಬರಿನ ಮೊದಲ ದಿನಗಳ ತನಕ ಬಿಡಲಿಲ್ಲ. ಉತ್ತರ ಕರ್ನಾಟಕದ ತುಂಬ ಮಣ್ಣಿನ ಮಾಳಿಗೆಗಳು ನೆನೆದು ಕುಸಿದವು. ಕೊಯ್ಲಿಗೆ ಬಂದ ಸಜ್ಜೆ ತೆನೆಯಲ್ಲೇ ಮೊಳಕೆಯೊಡೆಯಿತು. ನೀನಾಗ ಚಿಕ್ಕವಳು.

ಈಗ ನಿನ್ನ ಹಿಮಕ್ಕೆ ಬರೋಣ. 2021ರಲ್ಲಿ ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದವರು ನಾರ್ವೆಯವರ ಜೊತೆ ಸೇರಿ ಒಂದು ಅಧ್ಯಯನ ಪ್ರಕಟಿಸಿದರು. ರಷ್ಯಾದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಬೇಸಿಗೆಯ ಹಿಮ ಕಡಿಮೆಯಾದ ವರ್ಷಗಳಿಗೂ, ಮಧ್ಯಭಾರತದಲ್ಲಿ ಮುಂಗಾರಿನ ಕೊನೆಗೆ ಬೀಳುವ ವಿಪರೀತ ಮಳೆಗೂ ಸಂಬಂಧ ಕಾಣುತ್ತದೆ ಎಂಬುದು ಅದರ ತಿರುಳು. ಬಿಳಿ ಹಿಮ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ, ಬಯಲಾದ ಕಪ್ಪು ನೀರು ಹೀರಿಕೊಳ್ಳುತ್ತದೆ. ಆ ಕಾವಿಗೆ ವಾಯವ್ಯ ಯುರೋಪಿನ ಮೇಲಿನ ಗಾಳಿಯ ಒತ್ತಡ ಏರಿ, ಅಲ್ಲಿಂದ ಎದ್ದ ಅಲೆ ಏಷ್ಯಾದ ಮೇಲೆ ಹರಿಯುವ ಎತ್ತರದ ಗಾಳಿಯ ದಾರಿಯನ್ನೇ ಸರಿಸುತ್ತದೆ. ಬೆಚ್ಚಗಾದ ಅರಬ್ಬೀ ಸಮುದ್ರ ತೇವ ಒದಗಿಸುತ್ತದೆ. ಎಷ್ಟು ದೂರದ ನಂಟು ನೋಡು! ಓದಿ ಮುಗಿಸಿದ ಮೇಲೂ ಬಹಳ ಹೊತ್ತು ಅದೇ ಗುಂಗಿನಲ್ಲಿದ್ದೆ.

ಆದರೆ ಎಚ್ಚರ. "ಸಂಭವನೀಯ ಸಂಬಂಧ" ಎಂದಷ್ಟೇ ಅವರು ಬರೆದಿದ್ದಾರೆ. ಎರಡು ಸಂಗತಿ ಒಟ್ಟಿಗೆ ಏರಿಳಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. 2009ರ ಮಳೆಯನ್ನು ತಂದು ಕಾರಾ ಸಮುದ್ರದ ತಲೆಗೆ ಕಟ್ಟಬೇಡ. ಅವರು ನೋಡಿದ್ದು ಮಧ್ಯಭಾರತವನ್ನು. ಮಳೆನೆರಳಿನ ನಮ್ಮ ಎರಿ ಭೂಮಿಗೆ ಆ ಮಾತು ಎಷ್ಟು ಹೊಂದುತ್ತದೆ ಎಂದು ಕೇಳಲು ಉತ್ತರಿ ಮಳೆಗಾಗಿ ಕಾದು ಗೊತ್ತಿರುವ ಮನೆಯವರೇ ಬೇಕು. ಅದಕ್ಕೇ ನೀನು ಹೋಗಬೇಕು ಅನ್ನುತ್ತೇನೆ.

ಆ ಹಿಮದ ವಿಷಯದಲ್ಲಿ ತಡಮಾಡುವಷ್ಟು ಸಮಯವೂ ಉಳಿದಿಲ್ಲ. ಉಪಗ್ರಹಗಳ ಸತತ ಅಳತೆಯ ಮೊದಲ ಪೂರ್ಣ ವರ್ಷವಾದ 1979ರಲ್ಲಿ ಸೆಪ್ಟೆಂಬರಿಗೆ ಆರ್ಕ್ಟಿಕ್ ಸಮುದ್ರದ ಹಿಮ ಸುಮಾರು 70 ಲಕ್ಷ ಚದರ ಕಿಲೋಮೀಟರ್ ಇತ್ತು. 2012ರಲ್ಲಿ 34 ಲಕ್ಷಕ್ಕೆ ಇಳಿಯಿತು. ಹೆಚ್ಚುಕಡಿಮೆ ಭಾರತದಷ್ಟು ದೊಡ್ಡ ಹಾಸು ಇಲ್ಲವಾಯಿತು. ದಡದಾಚೆಯ ಹೆಪ್ಪುಗಟ್ಟಿದ ನೆಲದಲ್ಲಿ, ನೀವು ಪರ್ಮಾಫ್ರಾಸ್ಟ್ ಅನ್ನುತ್ತೀರಲ್ಲ ಅದರಲ್ಲಿ, ಸುಮಾರು ಒಂದೂವರೆ ಲಕ್ಷ ಕೋಟಿ ಟನ್ ಇಂಗಾಲ ಹುದುಗಿದೆ. ವಾತಾವರಣದಲ್ಲಿ ಇರುವುದರ ಹತ್ತಿರ ಹತ್ತಿರ ಎರಡರಷ್ಟು. ಅದು ಕರಗಿ ಕೊಳೆತು ಮೀಥೇನ್, ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬಂದರೆ ಮತ್ತೆ ಒಳಗೆ ತುಂಬಲು ನಮ್ಮ ಕೈಲಾಗದು. ನನಗೆ ಹೆಚ್ಚು ಭಯ ಇದರದ್ದೇ.

ಒಬ್ಬಳೇ ಅಂತ ಅಂಜಬೇಡ. ನಾರ್ವೆಯ ಸ್ವಾಲ್‌ಬಾರ್ಡಿನಲ್ಲಿ 2008ರಿಂದ ನಮ್ಮ ದೇಶದ ಹಿಮಾದ್ರಿ ನೆಲೆ ಇದೆ. 2023ರ ಡಿಸೆಂಬರಿನಲ್ಲಿ ಮೊದಲ ಸಲ ಚಳಿಗಾಲದಲ್ಲೂ ತಂಡ ಹೋಯಿತು, ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು.

ಗೋವಾದ ಆ ಸಂಶೋಧನಾ ಕೇಂದ್ರಕ್ಕೆ ಅರ್ಜಿ ಹಾಕು. ಅಮರಾವತಿ ಎಕ್ಸ್‌ಪ್ರೆಸ್ ಕೊಪ್ಪಳದಿಂದ ನೇರ ಗೋವಾದ ವಾಸ್ಕೋಗೆ ಹೋಗುತ್ತದೆ ಅಂತ ನಿಮ್ಮವ್ವನಿಗೆ ಹೇಳಿದ್ದೇನೆ, ಸ್ವಲ್ಪ ಸಮಾಧಾನವಾದಂತಿದೆ. ಅರ್ಜಿಗೂ ಮೊದಲು ಯಲಬುರ್ಗಾ, ಕುಷ್ಟಗಿ ತಾಲೂಕುಗಳ ಸೆಪ್ಟೆಂಬರ್ ಮಳೆಯ ಲೆಕ್ಕ ಹೊಂದಿಸಿಕೊ. ಪಂಚಾಯಿತಿಗಳ ಮಳೆಮಾಪಕದ ಅಂಕಿಗಳು ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತವೆ. ಹಳೆಯವಕ್ಕೆ ತಹಶೀಲ್ದಾರ್ ಕಚೇರಿಗೆ ಅಲೆಯಬೇಕಾದೀತು, ದೀಪಾವಳಿಗೆ ನೀನು ಬಂದಾಗ ನಾನೂ ಜೊತೆಗೆ ಬರುತ್ತೇನೆ.

ನಿನ್ನ ಅಜ್ಜ